ಖಾತೆಯಲ್ಲಿದ್ದ ಹಣ ಕಾಣೆಯಾದರೆ ಬ್ಯಾಂಕಿನ ಹೊಣೆ ಎಷ್ಟು? ಕಾಸರಗೋಡಿನ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪೆರ್ಲದ ಕಡೆಯವಳು. ಕೆಲವು ವರ್ಷಗಳ ಹಿಂದೆ ಅಮ್ಮನ ಉಳಿತಾಯ ಖಾತೆಯಿಂದ ಒಂದೇ ರಾತ್ರಿ 30,000 ರೂಪಾಯಿ ಹೋಯಿತು. ಮೂರು ಸಲ, ತಲಾ ಹತ್ತು ಸಾವಿರ. ತೆಗೆದದ್ದು ನಾವು ಕಂಡೂ ಅರಿಯದ ಊರಿನ ಎಟಿಎಂನಲ್ಲಿ. ಅಮ್ಮನ ಕಾರ್ಡ್ ಕಪಾಟಿನಲ್ಲಿ, ಸೀರೆಯ ಮಡಿಕೆಯೊಳಗೆ ಇತ್ತು. ಬೆಳಿಗ್ಗೆ ಶಾಖೆಗೆ ಓಡಿದೆವು. "ಪಿನ್ ಇಲ್ಲದೆ ಹಣ ಬರುವುದಿಲ್ಲ. ನೀವೇ ಯಾರಿಗೋ ಹೇಳಿರಬೇಕು" ಎಂದರು. ಅಮ್ಮ ತಲೆ ತಗ್ಗಿಸಿ ಹೊರಗೆ ಬಂದರು. ಒಂದು ಸಾಲೂ ಬರೆದುಕೊಡದೆ ಮನೆಗೆ ಬಂದೆವು.

ಆಮೇಲೆ ನೆರೆಕರೆಯ ನಿವೃತ್ತ ಬ್ಯಾಂಕ್ ನೌಕರರೊಬ್ಬರು ನಮ್ಮನ್ನು ಕೂರಿಸಿ ನಿಯಮ ಓದಿ ಹೇಳಿದರು. ಹಣ ಬಂತು. ಆದರೆ ಏಳು ತಿಂಗಳು ಹಿಡಿಯಿತು. ಅಂದಿನಿಂದ ಬದಿಯಡ್ಕ, ಮುಳ್ಳೇರಿಯ, ಉಪ್ಪಳ ಕಡೆಯವರಿಗೆ ಇಂಥ ಅರ್ಜಿಗಳನ್ನು ಬರೆದುಕೊಡುತ್ತಿದ್ದೇನೆ. ಅವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಸೇರಿಸಿದ್ದೇನೆ. ನಾನು ವಕೀಲೆ ಅಲ್ಲ. ಮೊತ್ತ ದೊಡ್ಡದಾದರೆ ವಕೀಲರನ್ನು ಕಾಣಿ.

ನಮ್ಮ ಖಾತೆಯಿಂದ ಕಳ್ಳತನವಾದರೆ ಅದು ನಮ್ಮ ನಷ್ಟ ಅಲ್ವಾ? ಬ್ಯಾಂಕ್ ಯಾಕೆ ಕೊಡಬೇಕು?

ಇದೊಂದು ಮಾತು ಸರಿಯಾಗಿ ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಪೇಟೆಯ ವ್ಯಾಪಾರಿಗೆ ಎರಡು ಕ್ವಿಂಟಾಲ್ ಅಡಿಕೆ ಕೊಟ್ಟಿದ್ದೀರಿ ಎಂದುಕೊಳ್ಳಿ. ಹಣ ಬಾಕಿ ಇದೆ. ಚೀಟಿ ನಿಮ್ಮ ಕೈಯಲ್ಲಿದೆ. ಆ ರಾತ್ರಿ ಅವರ ಅಂಗಡಿಗೆ ಕಳ್ಳರು ನುಗ್ಗುತ್ತಾರೆ. ಮರುದಿನ ಅವರು "ನಿಮ್ಮ ಹಣ ಹೋಯಿತು" ಎಂದರೆ ನೀವು ಒಪ್ಪುತ್ತೀರಾ? ಹೋದದ್ದು ಅವರ ಹಣ. ನಿಮಗೆ ಕೊಡಬೇಕಾದ ಬಾಕಿ ಬಾಕಿಯಾಗಿಯೇ ಇದೆ.

ಬ್ಯಾಂಕಿನ ಠೇವಣಿಯೂ ಹಾಗೆಯೇ. ನೀವು ಕಟ್ಟಿದ ನೋಟು ಕಟ್ಟಿದ ಕ್ಷಣದಿಂದ ಬ್ಯಾಂಕಿನದು. ನಿಮಗಿರುವುದು ಕೇಳಿದಾಗ ಅಷ್ಟು ಹಣ ವಾಪಸು ಪಡೆಯುವ ಹಕ್ಕು. ಅಂದರೆ ಬ್ಯಾಂಕ್ ನಿಮ್ಮ ಸಾಲಗಾರ, ನೀವು ಸಾಲ ಕೊಟ್ಟವರು. 1848ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಇದನ್ನು ಸ್ಪಷ್ಟವಾಗಿ ಹೇಳಿತು. ನಮ್ಮ ಕೋರ್ಟುಗಳೂ ಇದನ್ನೇ ಒಪ್ಪಿವೆ. ನಿಮ್ಮ ಅಪ್ಪಣೆ ಇಲ್ಲದೆ ಬ್ಯಾಂಕ್ ಯಾರಿಗೋ ಹಣ ಕೊಟ್ಟರೆ ಅದು ಕೊಟ್ಟದ್ದು ತನ್ನ ಹಣವನ್ನು. ನಿಮ್ಮ ಲೆಕ್ಕದಿಂದ ಕಳೆಯುವ ಹಕ್ಕು ಅದಕ್ಕಿಲ್ಲ.

ಹಾಗಾಗಿ ಬ್ಯಾಂಕಿಗೆ ಹೋಗುವಾಗ ಬೇಡಲು ಹೋಗುತ್ತಿದ್ದೇನೆ ಎಂದುಕೊಳ್ಳಬೇಡಿ. ಬಾಕಿ ಕೇಳಲು ಹೋಗುತ್ತಿದ್ದೀರಿ.

ಹಣ ನಿಜವಾಗಿ ಕಾಣೆಯಾಗಿದೆಯೇ ಎಂದು ನೋಡುವುದು ಹೇಗೆ?

ಮೊದಲು ಸ್ಟೇಟ್‌ಮೆಂಟ್ ತೆಗೆಸಿ. ನನ್ನ ಹತ್ತಿರ ಬರುವ ಎಷ್ಟೋ ದೂರುಗಳು ಅಲ್ಲೇ ಮುಗಿಯುತ್ತವೆ. ವರ್ಷಕ್ಕೊಮ್ಮೆ 20 ರೂಪಾಯಿ ಹೋಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ವಿಮೆ. 436 ರೂಪಾಯಿ ಹೋಗಿದ್ದರೆ ಜೀವನ ಜ್ಯೋತಿ ವಿಮೆ. ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕವೂ ಇರುತ್ತದೆ. ಆದರೆ ನೀವು ಸಹಿ ಹಾಕದೆ ವಿಮೆಗೆ ಸೇರಿಸಿದ್ದರೆ ಅದನ್ನೂ ಪ್ರಶ್ನಿಸಬಹುದು. ನಿಮ್ಮ ಒಪ್ಪಿಗೆಯ ಪತ್ರ ತೋರಿಸಿ ಎಂದು ಕೇಳಿ.

ಹತ್ತು ವರ್ಷ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಅಜ್ಜಂದಿರ ಖಾತೆಗಳಲ್ಲಿ ಇದು ಜಾಸ್ತಿ. ಹಣ ಮುಳುಗುವುದಿಲ್ಲ. ವಾರಸುದಾರರು ದಾಖಲೆ ಕೊಟ್ಟು ಅದೇ ಬ್ಯಾಂಕಿನಿಂದ ಪಡೆಯಬಹುದು. ಹುಡುಕಲು 2023ರಲ್ಲಿ ಶುರುವಾದ ಉದ್ಗಮ್ ಪೋರ್ಟಲ್ ಇದೆ.

ಗೊತ್ತಾದ ಕೂಡಲೇ ಏನು ಮಾಡಬೇಕು?

ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿ ಕಾರ್ಡ್, ಯುಪಿಐ, ನೆಟ್ ಬ್ಯಾಂಕಿಂಗ್ ನಿಲ್ಲಿಸಿ. ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಆನ್‌ಲೈನ್ ಮೋಸವಾದರೆ 1930ಕ್ಕೆ ಕರೆ ಮಾಡಿ. ಅದು ದೇಶಕ್ಕೆಲ್ಲ ಒಂದೇ ನಂಬರ್. ಹಣ ಹೋದ ಖಾತೆಯಿಂದ ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವುದಕ್ಕೆಂದೇ ಆ ವ್ಯವಸ್ಥೆ ಇದೆ. ಮೊದಲ ಒಂದೆರಡು ಗಂಟೆ ಬಹಳ ಮುಖ್ಯ.

ಆಮೇಲೆ ಶಾಖೆಗೆ ಹೋಗಿ ಬರವಣಿಗೆಯಲ್ಲಿ ದೂರು ಕೊಡಿ. ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಅಲ್ಲಿ ಜಗಳಕ್ಕೆ ನಿಲ್ಲಬೇಡಿ. ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ. ಇಮೇಲ್ ಕೂಡ ಕಳಿಸಿ. ನಾವು ಅಮ್ಮನ ವಿಷಯದಲ್ಲಿ ಮಾಡಿದ ತಪ್ಪು ಇದೇ. ಬಾಯಲ್ಲಿ ಹೇಳಿ ಬಂದೆವು. ಬಾಯಲ್ಲಿ ಹೇಳಿದ್ದಕ್ಕೆ ದಾಖಲೆ ಇರಲಿಲ್ಲ.

ಎಟಿಎಂ ವಿಷಯವಾದರೆ ಅದೇ ಪತ್ರದಲ್ಲಿ ಸಿಸಿಟಿವಿ ದೃಶ್ಯವನ್ನು ಅಳಿಸದೆ ಉಳಿಸಿಡಿ ಎಂದು ಬರೆಯಿರಿ. ಆ ದೃಶ್ಯಗಳನ್ನು ಕೆಲವು ಸಮಯದ ಮೇಲೆ ಅಳಿಸುತ್ತಾರೆ. ನೀವು ಬರೆದು ಕೇಳಿದ ಮೇಲೂ ಅಳಿಸಿದರೆ ಅದು ಬ್ಯಾಂಕಿನ ವಿರುದ್ಧವೇ ನಿಲ್ಲುವ ವಿಷಯ.

ಎಷ್ಟು ದಿನದೊಳಗೆ ತಿಳಿಸಿದರೆ ಪೂರ್ತಿ ಹಣ ಬರುತ್ತದೆ?

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ವಾಣಿಜ್ಯ ಬ್ಯಾಂಕುಗಳಿಗೆ ನಿಯಮ ಮಾಡಿತು. ಅದೇ ವರ್ಷ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಬಂತು. ಎಟಿಎಂ, ಕಾರ್ಡ್, ಆನ್‌ಲೈನ್ ಮೂಲಕ ನಿಮ್ಮ ಒಪ್ಪಿಗೆ ಇಲ್ಲದೆ ಹಣ ಹೋದಾಗ ಇದು ಅನ್ವಯ.

ತಪ್ಪು ಬ್ಯಾಂಕಿನದಾದರೆ ನಿಮ್ಮ ಹೊಣೆ ಸೊನ್ನೆ. ನೀವು ಯಾವಾಗ ತಿಳಿಸಿದಿರಿ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಈ ಸಾಲನ್ನು ಶಾಖೆಗಳಲ್ಲಿ ಹೇಳುವುದು ಕಡಿಮೆ. ಆದ್ದರಿಂದ ನೀವೇ ನೆನಪಿಡಿ.

ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವಿನ ವ್ಯವಸ್ಥೆಯಲ್ಲಿ ಎಲ್ಲೋ ಸೋರಿಕೆ ಆಗಿದೆ ಎಂದಾದರೆ ದಿನದ ಲೆಕ್ಕ ಬರುತ್ತದೆ. ಬ್ಯಾಂಕಿನ ಸಂದೇಶ ಬಂದ ಮೇಲೆ 3 ಕೆಲಸದ ದಿನದೊಳಗೆ ತಿಳಿಸಿದರೆ ಆಗಲೂ ಸೊನ್ನೆ. 4ರಿಂದ 7 ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಪಾಲಿಗೆ ಒಂದು ಮಿತಿ ಇದೆ. ಜನಧನದಂಥ ಮೂಲ ಉಳಿತಾಯ ಖಾತೆಗೆ ಹೆಚ್ಚೆಂದರೆ 5,000 ರೂಪಾಯಿ. ಮಾಮೂಲಿ ಉಳಿತಾಯ ಖಾತೆಗೆ 10,000. ದೊಡ್ಡ ಚಾಲ್ತಿ ಖಾತೆಗಳಿಗೆ ಮತ್ತು 5 ಲಕ್ಷಕ್ಕಿಂತ ಹೆಚ್ಚು ಮಿತಿಯ ಕ್ರೆಡಿಟ್ ಕಾರ್ಡಿಗೆ 25,000. ಹೋದ ಮೊತ್ತ ಇದಕ್ಕಿಂತ ಕಡಿಮೆ ಇದ್ದರೆ ಅಷ್ಟೇ. ಉಳಿದದ್ದನ್ನು ಬ್ಯಾಂಕ್ ತುಂಬಬೇಕು. 7 ದಿನ ದಾಟಿದರೆ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿಯ ಪ್ರಕಾರ.

ದಿನ ಎಣಿಸುವಾಗ ಸಂದೇಶ ಬಂದ ದಿನವನ್ನು ಬಿಡಬೇಕು. ಗುರುವಾರ ರಾತ್ರಿ ಸಂದೇಶ ಬಂತು ಎಂದುಕೊಳ್ಳಿ. ಶುಕ್ರವಾರ ಒಂದು. ಎರಡನೇ ಶನಿವಾರ, ಭಾನುವಾರ ರಜೆ. ಸೋಮವಾರ ಎರಡು, ಮಂಗಳವಾರ ಮೂರು. ಕೆಲಸದ ದಿನ ಎಂದರೆ ನಿಮ್ಮ ಖಾತೆ ಇರುವ ಶಾಖೆಯ ಕೆಲಸದ ದಿನ. ಗಡಿಯಲ್ಲಿರುವ ನಮಗೆ ಇದು ಮುಖ್ಯ. ಖಾತೆ ಮಂಗಳೂರಿನಲ್ಲಿದ್ದರೆ ಓಣಂ ರಜೆ ಲೆಕ್ಕಕ್ಕೆ ಸಿಗುವುದಿಲ್ಲ. ಖಾತೆ ಕುಂಬಳೆಯಲ್ಲಿದ್ದರೆ ಸಿಗುತ್ತದೆ.

ತಿಳಿಸಿದ 10 ಕೆಲಸದ ದಿನದೊಳಗೆ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು. ವಿಮೆ ಹಣ ಬರಲಿ ಎಂದು ಕಾಯುವಂತಿಲ್ಲ. 90 ದಿನದೊಳಗೆ ದೂರು ತೀರ್ಮಾನ ಆಗಬೇಕು. ಆಗದಿದ್ದರೆ ಮೇಲಿನ ಲೆಕ್ಕದ ಪ್ರಕಾರ ಹಣ ಕೊಡಬೇಕು. ನಿಯಮಗಳು ಆಗಾಗ ಪರಿಷ್ಕರಣೆ ಆಗುತ್ತಿರುತ್ತವೆ. ಸದ್ಯದ ನೀತಿಯ ಪ್ರತಿ ಕೊಡಿ ಎಂದು ಶಾಖೆಯಲ್ಲಿ ಕೇಳಿ.

"ನೀವೇ ಪಿನ್ ಕೊಟ್ಟಿರಬೇಕು" ಎನ್ನುತ್ತಾರೆ. ಕೊಟ್ಟಿಲ್ಲ ಎಂದು ಹೇಗೆ ಸಾಬೀತು ಮಾಡುವುದು?

ನೀವು ಸಾಬೀತು ಮಾಡಬೇಕಾಗಿಲ್ಲ. ಅದೇ ನಿಯಮದಲ್ಲಿ ಗ್ರಾಹಕರ ತಪ್ಪನ್ನು ಸಾಬೀತು ಮಾಡುವ ಹೊಣೆ ಬ್ಯಾಂಕಿನದು ಎಂದು ಬರೆದಿದೆ. "ಇರಬೇಕು" ಎಂಬುದು ಸಾಕ್ಷಿ ಅಲ್ಲ. ಎಟಿಎಂ ಯಂತ್ರದ ದಾಖಲೆ, ಸಿಸಿಟಿವಿ, ಯಾವ ಕಾರ್ಡ್ ಬಳಸಿದರು ಎಂಬ ವಿವರ ಎಲ್ಲವೂ ಬ್ಯಾಂಕಿನ ಕೈಯಲ್ಲಿದೆ. ಅದನ್ನು ತೋರಿಸಿ ಎಂದು ಕೇಳಿ.

ಅಮ್ಮನ ಪ್ರಕರಣ ತಿರುಗಿದ್ದು ಇಲ್ಲಿ. ಪಾಸ್‌ಬುಕ್ಕಿನ ಪ್ರಕಾರ ಅದೇ ದಿನ ಸಂಜೆ ಅಮ್ಮ ಬದಿಯಡ್ಕದಲ್ಲಿ ಅದೇ ಕಾರ್ಡಿನಿಂದ 500 ರೂಪಾಯಿ ತೆಗೆದಿದ್ದರು. ರಾತ್ರಿ ಅದೇ ಕಾರ್ಡ್ ಸಾವಿರಾರು ಕಿಲೋಮೀಟರ್ ದೂರದಲ್ಲಿ ಹೇಗೆ ಬಂತು? ನಾವು ಈ ಪ್ರಶ್ನೆ ಬರೆದು ಕೇಳಿದೆವು. ಉತ್ತರ ಬರಲಿಲ್ಲ. ಹಣ ಬಂತು.

ಫೋನಿನಲ್ಲಿ ಕೇಳಿದಾಗ ಒಟಿಪಿ ಹೇಳಿಬಿಟ್ಟೆ. ಇನ್ನು ಏನೂ ಮಾಡಲು ಆಗುವುದಿಲ್ಲವೇ?

ಒಟಿಪಿ ಹೇಳಿದ್ದು ನಿಮ್ಮ ಅಜಾಗರೂಕತೆ ಎಂದು ಸಾಬೀತಾದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಹಾಗಾಗಿ ನಾಚಿಕೆಯಿಂದ ಸುಮ್ನೆ ಕೂರಬೇಡಿ. ತಡವಾದಷ್ಟೂ ನಿಮ್ಮ ಪಾಲು ಬೆಳೆಯುತ್ತದೆ.

2025ರ ಜನವರಿ 3ರಂದು ಸುಪ್ರೀಂ ಕೋರ್ಟ್ ಹೇಳಿದ ಒಂದು ತೀರ್ಪು ಓದಬೇಕಾದದ್ದು. ಗುವಾಹಟಿಯ ಗ್ರಾಹಕರೊಬ್ಬರು ಆನ್‌ಲೈನಿನಲ್ಲಿ ಕೊಂಡ ಬಟ್ಟೆ ವಾಪಸು ಕೊಡಲು ಹೋಗಿ ಮೋಸದ ಕರೆಗೆ ಸಿಕ್ಕಿ 94,204 ರೂಪಾಯಿ 80 ಪೈಸೆ ಕಳೆದುಕೊಂಡರು. 24 ಗಂಟೆಯೊಳಗೆ ಬ್ಯಾಂಕಿಗೆ ತಿಳಿಸಿದ್ದರು. ಹೈಕೋರ್ಟ್ ಬ್ಯಾಂಕ್ ಹಣ ಕೊಡಬೇಕು ಎಂದಿತು. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇಂಥ ವ್ಯವಹಾರ ಪತ್ತೆ ಮಾಡುವ ತಂತ್ರಜ್ಞಾನ ಬ್ಯಾಂಕಿನ ಬಳಿ ಇದೆ ಎಂದಿತು. ಗ್ರಾಹಕರು ಒಟಿಪಿ ಯಾರಿಗೂ ಕೊಡದೆ ಎಚ್ಚರವಾಗಿರಬೇಕು ಎಂದೂ ಹೇಳಿತು. ಎರಡನ್ನೂ ನೆನಪಿಡಿ.

ಮಗ ಗಲ್ಫಿನಲ್ಲಿದ್ದಾನೆ. ಎಸ್‌ಎಂಎಸ್ ನೋಡಲೇ ಇಲ್ಲ. ಬ್ಯಾಂಕ್ "ಸಂದೇಶ ಕಳಿಸಿದ್ದೆವು, ನೀವು ಉತ್ತರಿಸಲಿಲ್ಲ" ಎನ್ನುತ್ತದೆ.

ನಮ್ಮ ಜಿಲ್ಲೆಯಲ್ಲಿ ಮನೆಗೊಬ್ಬರಾದರೂ ಹೊರದೇಶದಲ್ಲಿ ಇರುತ್ತಾರೆ ಎನ್ನುವ ಹಾಗಿದೆ. ಇಂಥದ್ದೇ ಪ್ರಕರಣ ಕೇರಳ ಹೈಕೋರ್ಟಿಗೆ ಹೋಗಿತ್ತು. ಬ್ರೆಜಿಲ್‌ನಲ್ಲಿ ಕೆಲಸದಲ್ಲಿದ್ದ ಕೇರಳದ ಗ್ರಾಹಕರ ಖಾತೆಯಿಂದ 2012ರಲ್ಲಿ 2.41 ಲಕ್ಷ ರೂಪಾಯಿಯನ್ನು ಎಟಿಎಂಗಳಿಂದ ತೆಗೆದಿದ್ದರು. ಎಸ್‌ಎಂಎಸ್‌ಗೆ ಗ್ರಾಹಕರು ಸ್ಪಂದಿಸಲಿಲ್ಲ ಎಂಬುದು ಬ್ಯಾಂಕಿನ ವಾದ. 2019ರಲ್ಲಿ ಹೈಕೋರ್ಟ್ ಆ ವಾದ ಒಪ್ಪಲಿಲ್ಲ. ಸಂದೇಶಕ್ಕೆ ಉತ್ತರಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಬ್ಯಾಂಕಿನ ಹೊಣೆ ಹೋಗುವುದಿಲ್ಲ ಎಂದಿತು. ಕಾಸರಗೋಡು ಆ ಹೈಕೋರ್ಟಿನ ವ್ಯಾಪ್ತಿಯಲ್ಲೇ ಇದೆ. ದೂರಿನಲ್ಲಿ ಈ ತೀರ್ಪನ್ನು ಬರೆಯಲು ಹಿಂಜರಿಯಬೇಡಿ. ಮಗ ಅಲ್ಲಿಂದಲೇ ಇಮೇಲಿನಲ್ಲಿ ದೂರು ಕೊಡಬಹುದು. ಪಾಸ್‌ಪೋರ್ಟಿನ ಮುದ್ರೆಯ ಪ್ರತಿ ಸೇರಿಸಿದರೆ ತಾನು ಆ ದಿನ ಎಲ್ಲಿದ್ದೆ ಎಂಬುದಕ್ಕೆ ಸಾಕ್ಷಿ.

ಚೆಕ್ಕಿನಲ್ಲಿ ಯಾರೋ ನನ್ನ ಸಹಿ ಹಾಕಿ ಹಣ ತೆಗೆದರು. ನಾನು ಪಾಸ್‌ಬುಕ್ ನೋಡದೆ ವರ್ಷ ಕಳೆಯಿತು.

ಇದಕ್ಕೆ ನಮ್ಮ ಕರಾವಳಿಯದ್ದೇ ಪ್ರಕರಣ ಇದೆ. ನಾನು ಇದನ್ನು ಎಲ್ಲರಿಗೂ ಹೇಳುತ್ತೇನೆ.

ಮಂಗಳೂರಿನಲ್ಲಿ ಒಂದು ಕಂಪನಿ ಇತ್ತು. ಅಲ್ಲಿನ ಕೆನರಾ ಬ್ಯಾಂಕ್ ಶಾಖೆಯಲ್ಲಿ ಅದರ ಚಾಲ್ತಿ ಖಾತೆ. ಚೆಕ್ ಪುಸ್ತಕ ಕಂಪನಿಯ ಲೆಕ್ಕಿಗರ ಕೈಯಲ್ಲಿರುತ್ತಿತ್ತು. ಅವರೇ ಆಡಳಿತ ನಿರ್ದೇಶಕರ ಸಹಿಯನ್ನು ನಕಲು ಮಾಡಿ ವರ್ಷಗಟ್ಟಲೆ ಹಣ ತೆಗೆದರು. ಒಟ್ಟು 42 ಚೆಕ್. ಮೊತ್ತ 3,26,047 ರೂಪಾಯಿ 92 ಪೈಸೆ. 1961ರಲ್ಲಿ ಬಯಲಾಯಿತು. ಆ ಕಾಲಕ್ಕೆ ಅದು ಎಷ್ಟು ದೊಡ್ಡ ಹಣ ಎಂದು ಯೋಚಿಸಿ.

ಬ್ಯಾಂಕಿನ ವಾದ ಹೀಗಿತ್ತು: ಕಂಪನಿಯೇ ತನ್ನ ನೌಕರನನ್ನು ನೋಡಿಕೊಳ್ಳಲಿಲ್ಲ, ಸ್ಟೇಟ್‌ಮೆಂಟ್ ಬಂದಾಗ ಸುಮ್ಮನಿತ್ತು, ಈಗ ಕೇಳುವ ಹಾಗಿಲ್ಲ. 1987ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿತು. ಸಹಿ ನಕಲಿಯಾದರೆ ಅದು ಚೆಕ್ಕೇ ಅಲ್ಲ, ಬರೀ ಕಾಗದ. ಆ ಕಾಗದ ನೋಡಿ ಹಣ ಕೊಡು ಎಂದು ಗ್ರಾಹಕ ಬ್ಯಾಂಕಿಗೆ ಹೇಳಿಯೇ ಇಲ್ಲ. ಪಾಸ್‌ಬುಕ್ ಪರೀಕ್ಷಿಸಿ ತಪ್ಪು ಹುಡುಕಿ ಹೇಳಬೇಕು ಎಂಬ ಕರಾರು ಇಲ್ಲದಿದ್ದರೆ ಗ್ರಾಹಕರ ಮೇಲೆ ಅಂಥ ಕರ್ತವ್ಯವೂ ಇಲ್ಲ. ಗ್ರಾಹಕರಿಗೆ ನಕಲಿ ವಿಷಯ ಗೊತ್ತಿದ್ದೂ ಸುಮ್ಮನಿದ್ದರು ಅಥವಾ ಒಪ್ಪಿದರು ಎಂದು ಬ್ಯಾಂಕ್ ತೋರಿಸಿದರೆ ಮಾತ್ರ ಬೇರೆ ಮಾತು.

ಅಂದಮೇಲೆ ಪಾಸ್‌ಬುಕ್ ನೋಡದಿದ್ದರೆ ನಡೆಯುತ್ತದೆ ಎಂದಲ್ಲ. ತಿಂಗಳಿಗೊಮ್ಮೆ ನೋಡಿ. ನೋಡಲಿಲ್ಲ ಎಂಬ ಕಾರಣಕ್ಕೆ ಹಣ ಮುಳುಗಿತು ಎಂದು ನಂಬಬೇಡಿ, ಅಷ್ಟೇ.

ಬ್ಯಾಂಕಿನ ನೌಕರನೇ ಹಣ ತಿಂದರೆ?

ಕೌಂಟರಿನಲ್ಲಿ, ಕೆಲಸದ ಹೊತ್ತಿನಲ್ಲಿ, ಬ್ಯಾಂಕಿನ ಕೆಲಸವಾಗಿ ಹಣ ತೆಗೆದುಕೊಂಡ ನೌಕರ ಮೋಸ ಮಾಡಿದರೆ ಬ್ಯಾಂಕ್ ಹೊಣೆ. ನೌಕರನನ್ನು ಅಮಾನತು ಮಾಡಿದ್ದೇವೆ, ಕೇಸು ನಡೆಯುತ್ತಿದೆ, ಅದು ಮುಗಿಯಲಿ ಎನ್ನುವುದು ನಿಮಗೆ ಉತ್ತರ ಅಲ್ಲ. ಆ ಕೇಸು ಬ್ಯಾಂಕಿಗೂ ನೌಕರನಿಗೂ ಸಂಬಂಧಿಸಿದ್ದು.

ಆದರೆ ಇಲ್ಲೊಂದು ಗುಂಡಿ ಇದೆ. ನಮ್ಮ ಊರಿನವರು ಬೀಳುವುದು ಇದಕ್ಕೇ. ಅಲಹಾಬಾದಿನ ಮಹಿಳೆಯೊಬ್ಬರು ಪರಿಚಯದ ಬ್ಯಾಂಕ್ ನೌಕರನ ಕೈಯಲ್ಲಿ ಹಣವನ್ನೂ ಪಾಸ್‌ಬುಕ್ಕನ್ನೂ ಕೊಡುತ್ತಿದ್ದರು. ಅವನು ಪಾಸ್‌ಬುಕ್ಕಿನಲ್ಲಿ ಸುಳ್ಳು ಬರೆದು ಹಣ ನುಂಗಿದ. 1978ರಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕ್ ಹೊಣೆ ಅಲ್ಲ ಎಂದಿತು. ಅವರು ಹಣ ಕೊಟ್ಟದ್ದು ಬ್ಯಾಂಕಿಗೆ ಅಲ್ಲ, ನೆರೆಕರೆಯ ಗೆಳೆಯನಿಗೆ. ಅವನು ಆಗ ಅವರ ಪರವಾಗಿ ಹೋಗುವವನು, ಬ್ಯಾಂಕಿನ ಪರವಾಗಿ ಅಲ್ಲ.

ನಮ್ಮಲ್ಲಿ ಇದು ಎಷ್ಟು ಸಾಮಾನ್ಯ! "ನಾಳೆ ಬ್ಯಾಂಕಿಗೆ ಹೋಗುವಾಗ ಇದೊಂದು ಕಟ್ಟಿಬಿಡು" ಎಂದು ಪರಿಚಯದ ನೌಕರರಿಗೆ ಬಸ್ ಸ್ಟ್ಯಾಂಡಿನಲ್ಲೇ ಹಣ ಕೊಡುತ್ತೇವೆ. ನಂಬಿಕೆಯಿಂದಲೇ ಕೊಡುವುದು. ಆದರೆ ದಯವಿಟ್ಟು ಕೊಡಬೇಡಿ. ಕೌಂಟರಿನಲ್ಲೇ ಕಟ್ಟಿ, ಸೀಲು ಇರುವ ರಸೀದಿ ತನ್ನಿ.

ಪಿಗ್ಮಿ ಹಾಗಲ್ಲ. ಮನೆ ಬಾಗಿಲಿಗೆ ಬಂದು ಸಣ್ಣ ಹಣ ಸಂಗ್ರಹಿಸುವ ಈ ಕ್ರಮ 1928ರಲ್ಲಿ ಉಡುಪಿಯಲ್ಲಿ ಶುರುವಾದದ್ದು. ಪಿಗ್ಮಿ ಸಂಗ್ರಹಿಸುವವರನ್ನು ಬ್ಯಾಂಕೇ ನೇಮಿಸಿ ಕಳಿಸುತ್ತದೆ. ಅವರು ಬ್ಯಾಂಕಿನ ಪರವಾಗಿ ಪಡೆಯುವವರು. ಯಂತ್ರದಿಂದ ಬರುವ ಚೀಟಿ ಅಥವಾ ಕಾರ್ಡಿನಲ್ಲಿ ಸಹಿ ಇದ್ದರೆ ಅದೇ ನಿಮ್ಮ ಆಧಾರ. ಚೀಟಿ ಬೇಡ ಎನ್ನಬೇಡಿ.

ಹೆಬ್ಬೆಟ್ಟು ಒತ್ತಿಸಿ ಹಣ ಕೊಡುವವರು ಬರುತ್ತಾರೆ. ಅಲ್ಲಿ ಮೋಸವಾದರೆ?

ಆಧಾರ್ ಬೆರಳಚ್ಚಿನಿಂದ ಹಣ ಕೊಡುವ ಆ ಪ್ರತಿನಿಧಿಗಳ ಕೆಲಸಕ್ಕೆ ಅವರನ್ನು ನೇಮಿಸಿದ ಬ್ಯಾಂಕೇ ಹೊಣೆ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. "ಯಂತ್ರ ಹಿಡಿಯಲಿಲ್ಲ, ಇನ್ನೊಮ್ಮೆ ಒತ್ತಿ" ಎಂದರೆ ಮೊದಲು ಮೊಬೈಲಿನ ಸಂದೇಶ ನೋಡಿ. ಎರಡು ಸಲ ಒತ್ತಿಸಿ ಎರಡು ಸಲ ತೆಗೆಯುವುದು ಇಲ್ಲಿನ ಹಳೆಯ ಮೋಸ. ಪಿಂಚಣಿ ಪಡೆಯುವ ಅಜ್ಜಿಯರ ಜೊತೆ ಯಾರಾದರೂ ಹೋಗಿ. ಈ ಸೌಲಭ್ಯ ಬೇಡವಾದರೆ ಎಂಆಧಾರ್ ಆ್ಯಪಿನಲ್ಲಿ ಬೆರಳಚ್ಚನ್ನು ಲಾಕ್ ಮಾಡಬಹುದು.

ಎಟಿಎಂನಲ್ಲಿ ನೋಟು ಬರಲಿಲ್ಲ, ಲೆಕ್ಕದಿಂದ ಹೋಯಿತು.

5 ದಿನದೊಳಗೆ ತಾನಾಗಿ ವಾಪಸು ಬರಬೇಕು. ಆಮೇಲೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ. ನೀವು ಕೇಳದಿದ್ದರೂ ಕೊಡಬೇಕು. 2019ರ ಸೆಪ್ಟೆಂಬರಿನ ನಿಯಮ ಇದು.

ನಮ್ಮ ಹಣ ಇರುವುದು ಊರಿನ ಸೊಸೈಟಿಯಲ್ಲಿ. ಅಲ್ಲಿಗೂ ಇದೇ ನಿಯಮವೇ?

ಅಲ್ಲ. ಇದನ್ನು ಹೇಳುವಾಗ ನನಗೆ ನಿಜವಾಗಿ ಆತಂಕವಾಗುತ್ತದೆ. ನಮ್ಮ ಅಡಿಕೆ ಬೆಳೆಗಾರರ ಜೀವಮಾನದ ಉಳಿತಾಯ ಸೇವಾ ಸಹಕಾರಿ ಸಂಘಗಳಲ್ಲಿದೆ. ಸಾಲ ಕೊಟ್ಟು, ಗೊಬ್ಬರ ಕೊಟ್ಟು ಊರನ್ನು ಸಾಕಿದ ಸಂಸ್ಥೆಗಳು ಅವು. ಆದರೆ ಹೆಸರಿನಲ್ಲಿ ಬ್ಯಾಂಕ್ ಎಂದಿದ್ದರೂ ಪ್ರಾಥಮಿಕ ಸಂಘಗಳು ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಪಡೆದ ಬ್ಯಾಂಕುಗಳಲ್ಲ. 2017ರ ನಿಯಮ, ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಲೋಕಪಾಲ, ಬ್ಯಾಂಕ್ ಮುಚ್ಚಿದಾಗ ಹಣ ಕೊಡುವ ಠೇವಣಿ ವಿಮೆ ಮೂರೂ ಅವುಗಳಿಗೆ ಇಲ್ಲ. 2019ರಲ್ಲಿ ಜಿಲ್ಲಾ ಸಹಕಾರಿ ಬ್ಯಾಂಕುಗಳು ಸೇರಿ ಆದ ಕೇರಳ ಬ್ಯಾಂಕ್ ಬೇರೆ. ಅದಕ್ಕೆ ಲೈಸೆನ್ಸ್ ಇದೆ.

ಹಾಗೆಂದು ಸಂಘಕ್ಕೆ ಹೊಣೆ ಇಲ್ಲ ಎಂದಲ್ಲ. ಬಾಕಿಯ ಮಾತು ಅಲ್ಲಿಗೂ ಒಂದೇ. ದಾರಿ ಮಾತ್ರ ಬೇರೆ. ಕೇರಳ ಸಹಕಾರಿ ಸಂಘಗಳ ಕಾಯ್ದೆ 1969ರ ಪ್ರಕಾರ ಸಹಕಾರ ಇಲಾಖೆಯ ರಿಜಿಸ್ಟ್ರಾರರ ಕಚೇರಿಗೆ ದೂರು ಕೊಡಬಹುದು. 65ನೇ ಕಲಮಿನಲ್ಲಿ ತನಿಖೆ ಮಾಡುವ ಅಧಿಕಾರ ಇದೆ. ವ್ಯಾಜ್ಯಕ್ಕೆ 69ನೇ ಕಲಮು. ಸಂಘದ ವಿರುದ್ಧ ಗ್ರಾಹಕ ವೇದಿಕೆಗೂ ಹೋಗಬಹುದು ಎಂದು ತಮಿಳುನಾಡಿನ ಒಂದು ಕೃಷಿ ಸಹಕಾರಿ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಂಘ ಮುಳುಗಿದಾಗ ನೆರವಾಗಲು ಕೇರಳ ಸಹಕಾರಿ ಠೇವಣಿ ಗ್ಯಾರಂಟಿ ನಿಧಿ ಇದೆ. ನಿಮ್ಮ ಸಂಘ ಅದರಲ್ಲಿ ಸೇರಿದೆಯೇ ಎಂದು ಇವತ್ತೇ ಕೇಳಿ. ತ್ರಿಶೂರಿನ ಕರುವನ್ನೂರು ಸಹಕಾರಿ ಬ್ಯಾಂಕಿನಲ್ಲಿ 2021ರಲ್ಲಿ ಬಯಲಾದ ಹಣದ ಹಗರಣವನ್ನು ನೋಡಿದ ಮೇಲೂ ಕೇಳಲು ಸಂಕೋಚ ಯಾಕೆ? ಕೇಳಿದರೆ ಅಧ್ಯಕ್ಷರು ಬೇಸರ ಮಾಡುತ್ತಾರೆ ಎಂದು ಹೆದರಬೇಡಿ. ನೀವು ಅದರ ಸದಸ್ಯರು.

5 ಲಕ್ಷಕ್ಕಿಂತ ಜಾಸ್ತಿ ಬರುವುದಿಲ್ಲವಂತೆ?

ಅದು ಬೇರೆ ವಿಷಯ. ಬ್ಯಾಂಕೇ ಮುಚ್ಚಿದಾಗ ಅಥವಾ ಅದರ ಮೇಲೆ ನಿರ್ಬಂಧ ಬಿದ್ದಾಗ ಠೇವಣಿ ವಿಮಾ ನಿಗಮ ಕೊಡುವ ಮೊತ್ತ 5 ಲಕ್ಷ. 2020ರ ಫೆಬ್ರವರಿಗೆ ಮೊದಲು 1 ಲಕ್ಷ ಇತ್ತು. ನಡೆಯುತ್ತಿರುವ ಬ್ಯಾಂಕಿನಲ್ಲಿ ನಿಮ್ಮ ಖಾತೆಯಿಂದ ಹಣ ಕದ್ದರೆ ಈ ಮಿತಿ ಅನ್ವಯಿಸುವುದಿಲ್ಲ. ಯಾರಾದರೂ ಶಾಖೆಯಲ್ಲಿ ಹೀಗೆ ಹೇಳಿದರೆ ಬರೆದುಕೊಡಿ ಎನ್ನಿ.

ಖಾತೆ ಮಂಗಳೂರು ಅಥವಾ ಪುತ್ತೂರಿನಲ್ಲಿ. ಮನೆ ಮಂಜೇಶ್ವರದಲ್ಲಿ. ದೂರು ಎಲ್ಲಿ?

ಗಡಿಯ ನೆಪ ಹೇಳಿ ಅಲೆದಾಡಿಸುವುದು ಹಳೆಯ ಕಥೆ. ಪೊಲೀಸರು ಅಲ್ಲಿ ಹೋಗಿ ಎನ್ನುತ್ತಾರೆ, ಅಲ್ಲಿಯವರು ಇಲ್ಲಿ ಎನ್ನುತ್ತಾರೆ. ತಲಪಾಡಿ ದಾಟುವುದರಲ್ಲೇ ದಿನ ಹೋಗುತ್ತದೆ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲೂ ಮಾಹಿತಿ ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸಿಸುವ ಜಿಲ್ಲೆಯಲ್ಲೇ ಬ್ಯಾಂಕಿನ ವಿರುದ್ಧ ದೂರು ಹಾಕಬಹುದು. ಅಂದರೆ ಖಾತೆ ಮಂಗಳೂರಿನದಾದರೂ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ ಸಾಕು. ಘಟನೆಯಿಂದ 2 ವರ್ಷದೊಳಗೆ ಹಾಕಬೇಕು. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಹಾಕಬಹುದು. ವಕೀಲರು ಕಡ್ಡಾಯವಲ್ಲ.

ಬ್ಯಾಂಕ್ ಉತ್ತರವನ್ನೇ ಕೊಡುವುದಿಲ್ಲ.

30 ದಿನ ಕಾಯಿರಿ. ಉತ್ತರ ಬರದಿದ್ದರೆ ಅಥವಾ ಸಮಾಧಾನ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಕೊಡಿ. ಶುಲ್ಕ ಇಲ್ಲ. 2021ರ ನವೆಂಬರಿನಲ್ಲಿ ಬಂದ ಯೋಜನೆಯಲ್ಲಿ ನಷ್ಟಕ್ಕೆ 20 ಲಕ್ಷದವರೆಗೆ, ಮಾನಸಿಕ ಕಿರುಕುಳ ಮತ್ತು ಓಡಾಟಕ್ಕೆ 1 ಲಕ್ಷದವರೆಗೆ ಕೊಡಿಸುವ ಅವಕಾಶ ಇತ್ತು. ದೂರು ಹಾಕುವಾಗ ಆಗಿನ ಮಿತಿ ನೋಡಿಕೊಳ್ಳಿ. ಬ್ಯಾಂಕಿಗೆ ಮೊದಲು ಬರೆದುಕೊಟ್ಟ ದಾಖಲೆ ಇಲ್ಲದಿದ್ದರೆ ಇಲ್ಲಿ ದೂರು ನಿಲ್ಲುವುದಿಲ್ಲ. ಸೀಲು ಹಾಕಿಸಿ ಎಂದು ನಾನು ಹಟ ಹಿಡಿಯುವುದು ಅದಕ್ಕೇ. ಕೋರ್ಟಿನಲ್ಲಿ ಅದೇ ವಿಷಯ ನಡೆಯುತ್ತಿದ್ದರೂ ಲೋಕಪಾಲರು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಮೊದಲು ಲೋಕಪಾಲ, ಆಮೇಲೆ ಬೇಕಾದರೆ ಗ್ರಾಹಕ ಆಯೋಗ. ಎರಡು ವರ್ಷದ ಅವಧಿ ದಾಟದಂತೆ ನೋಡಿಕೊಳ್ಳಿ.

ನನಗೆ ಮಲಯಾಳ ಬರೆಯಲು ಬರುವುದಿಲ್ಲ, ಇಂಗ್ಲಿಷೂ ಇಲ್ಲ.

ಕನ್ನಡದಲ್ಲೇ ಬರೆಯಿರಿ. ಕುಂದುಕೊರತೆಯ ಅರ್ಜಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ರಿಸರ್ವ್ ಬ್ಯಾಂಕಿನ 14448 ಸಂಖ್ಯೆಯಲ್ಲಿ ಕನ್ನಡದಲ್ಲೂ ಮಾತಾಡಬಹುದು. ಲೋಕಪಾಲರಿಗೆ ಚಂಡೀಗಢದ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸುವ ದೂರು ಯಾವ ಭಾಷೆಯಲ್ಲಿದ್ದರೂ ತೆಗೆದುಕೊಳ್ಳುತ್ತಾರೆ. ಭಾಷೆ ಗೊತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಹಕ್ಕು ಬಿಟ್ಟವರನ್ನು ನಾನು ನೋಡಿದ್ದೇನೆ. ಆ ನೋವು ಇಲ್ಲಿ ಇರುವವರಿಗೆ ಹೇಳಿ ಅರ್ಥ ಮಾಡಿಸಬೇಕಾಗಿಲ್ಲ.

ಹಣ ಖಾತೆಯಲ್ಲಿದೆ, ಆದರೆ ತೆಗೆಯಲು ಆಗುತ್ತಿಲ್ಲ.

ಯಾವುದೋ ರಾಜ್ಯದ ಸೈಬರ್ ಪೊಲೀಸರು ತಡೆದಿರಬಹುದು. ನಿಮ್ಮ ಅಂಗಡಿಗೆ ಯುಪಿಐನಲ್ಲಿ ಬಂದ ಯಾರದೋ ಹಣದ ಮೂಲದಲ್ಲಿ ಮೋಸ ಇದ್ದರೆ ಹೀಗಾಗುತ್ತದೆ. ಅನುಮಾನ ಇರುವ ಮೊತ್ತಕ್ಕೆ ಮಾತ್ರ ತಡೆ ಇರಬೇಕು, ಇಡೀ ಖಾತೆಗೆ ಅಲ್ಲ ಎಂದು 2023ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ತಡೆದ ಠಾಣೆ, ದೂರಿನ ಸಂಖ್ಯೆ, ಮೊತ್ತ ಮೂರನ್ನೂ ಬ್ಯಾಂಕಿನಿಂದ ಬರೆಸಿಕೊಳ್ಳಿ.

ಅರ್ಜಿಯಲ್ಲಿ ಏನು ಬರೆಯಬೇಕು?

ಉದ್ದ ಬೇಡ. ಬೈಗುಳ ಬೇಡ. ನಾನು ಬರೆದುಕೊಡುವುದು ಹೀಗೆ. ಖಾಲಿ ಜಾಗ ತುಂಬಿ ಬಳಸಿ.

"ಮ್ಯಾನೇಜರರಿಗೆ,

ನನ್ನ ಉಳಿತಾಯ ಖಾತೆ ಸಂಖ್ಯೆ ........ ರಿಂದ ತಾರೀಕು ........ ರಂದು ........ ಗಂಟೆಗೆ ........ ರೂಪಾಯಿ ಕಳೆಯಲಾಗಿದೆ. ಈ ವ್ಯವಹಾರವನ್ನು ನಾನು ಮಾಡಿಲ್ಲ. ಮಾಡಲು ಯಾರಿಗೂ ಹೇಳಿಲ್ಲ. ನನ್ನ ಕಾರ್ಡ್ ನನ್ನ ಬಳಿಯೇ ಇದೆ. ಪಿನ್, ಒಟಿಪಿ ಯಾರಿಗೂ ಕೊಟ್ಟಿಲ್ಲ. ನನಗೆ ಇದು ಗೊತ್ತಾದದ್ದು ........ ರಂದು. ಸಹಾಯವಾಣಿಗೆ ತಿಳಿಸಿದ ದೂರಿನ ಸಂಖ್ಯೆ ........

ನನ್ನ ಅಪ್ಪಣೆ ಇಲ್ಲದೆ ಕೊಟ್ಟ ಈ ಮೊತ್ತವನ್ನು ನನ್ನ ಲೆಕ್ಕದಿಂದ ಕಳೆಯುವಂತಿಲ್ಲ. 10 ಕೆಲಸದ ದಿನದೊಳಗೆ, ಹೋದ ದಿನದ ಲೆಕ್ಕದಲ್ಲೇ, ವಾಪಸು ಹಾಕಬೇಕು. ನನ್ನ ತಪ್ಪು ಇದೆ ಎಂದು ನೀವು ಹೇಳುವುದಾದರೆ ಅದರ ಸಾಕ್ಷಿಯನ್ನು ಬರವಣಿಗೆಯಲ್ಲಿ ಕೊಡಿ. ಆ ಹೊತ್ತಿನ ಸಿಸಿಟಿವಿ ದೃಶ್ಯ ಮತ್ತು ಯಂತ್ರದ ದಾಖಲೆಗಳನ್ನು ಉಳಿಸಿಡಿ.

ಈ ಪತ್ರದ ಪ್ರತಿಗೆ ಸೀಲು ಮತ್ತು ತಾರೀಕು ಹಾಕಿ ಕೊಡಿ.

ಸಹಿ ಅಥವಾ ಹೆಬ್ಬೆಟ್ಟು, ಫೋನ್ ನಂಬರ್, ವಿಳಾಸ."